ಬೇಲಿಯ ಹೊರಗೆ ಕೆಂಪು ಗಿಟಾರು

ನಂಬಿನಾ ತನ್ನ ಹೊಸ ಗಿಟಾರಿಗೆ ಕೆಂಪು ಬಣ್ಣವೇ ಆಗಬೇಕೆಂದು ಹಟ ಹಿಡಿದಾಗ ಜೆರ್ಮೇನ್ ಕೈಲಿದ್ದ ಉಳಿ ಕೆಳಗಿಟ್ಟು ಎದ್ದು ಹೋಗಿಬಿಟ್ಟಿದ್ದ. ಹಾಗೆ ಎದ್ದು ಹೋಗುವವನಲ್ಲ ಅವನು. ತುಲಿಯಾರಾ ಪಟ್ಟಣದ ಮೀನುಪೇಟೆಯ ಹಿಂದೆ ಅವನದೊಂದು ತಗಡಿನ ಶೆಡ್ಡು. ಗಿಟಾರು ಕೆತ್ತುವವನೂ ಅವನೇ, ಆಂಪ್ಲಿಫೈಯರ್ ರಿಪೇರಿ ಮಾಡುವವನೂ ಅವನೇ, ನಂಬಿನಾನ ತಂಡದಲ್ಲಿ ಬೇಸ್ ಗಿಟಾರು ಹಿಡಿದು ನಿಲ್ಲುವವನೂ ಅವನೇ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಆದರೆ ಬಣ್ಣದ ಮಾತು ಬಂದರೆ ಮಾತ್ರ ಹಾವು ಮುಂಗುಸಿ.

"ಮರದ ಮೈ ಉಸಿರಾಡ್ಬೇಕು ಕಣೋ. ಎಣ್ಣೆ ತಿಕ್ಕೋಣ, ಮೇಲೊಂದು ಕೈ ವಾರ್ನಿಷು ಹೊಡೆಯೋಣ, ಸಾಕು" ಎಂದಿದ್ದ ಜೆರ್ಮೇನ್.

"ಎಣ್ಣೆ ತಿಕ್ಕೋಕೆ ಅದೇನು ಬಾಣಂತೀನಾ? ನನಗೆ ಕಾರಿನ ಬಣ್ಣ ಬೇಕು. ಕೆಂಪು. ಮುಖ ನೋಡ್ಕೊಳ್ಳೋ ಹಂಗೆ ಹೊಳೀಬೇಕು."

"ದಪ್ಪ ಬಣ್ಣ ಹೊಡೆದ್ರೆ ನಾದ ಸಾಯುತ್ತೆ."

"ನಾದ ನನ್ನ ಬೆರಳಲ್ಲಿದೆ. ನೀನು ಬಣ್ಣ ಹೊಡಿ."

ವಾದ್ಯ ನುಡಿಸುವವರೆಲ್ಲ ಇಂಥ ಹುಚ್ಚಿನವರೇ. ಒಬ್ಬನಿಗೆ ಮರದ ಗೆರೆ ಕಾಣಬೇಕು, ಇನ್ನೊಬ್ಬ ಕನ್ನಡಿ ಚೂರು ಅಂಟಿಸಿಕೊಂಡು ಬರುತ್ತಾನೆ. ಜಿಲ್ಲೆಗೆಲ್ಲ ಹೆಸರಾದ ಜಫಿಯ ಗಿಟಾರು ಪರದೇಶದ ಕಾರ್ಖಾನೆಯದು. ಹಾಲಿನ ಬಣ್ಣದ್ದು, ಹೊಗೆ ಕುಡಿದೂ ಕುಡಿದೂ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಒರೆಸಲು ಅವನು ಯಾರನ್ನೂ ಬಿಡುತ್ತಿರಲಿಲ್ಲ. ನಂಬಿನಾನ ಆಸೆ ಎರಡು: ಒಂದು ಈ ಕೆಂಪು, ಇನ್ನೊಂದು ಕೊಂಬು. ಗಿಟಾರಿನ ಒಡಲಿನಿಂದ ಕುತ್ತಿಗೆಯ ಎರಡೂ ಪಕ್ಕಕ್ಕೆ ಚಾಚುವ ಕೊಂಬುಗಳು ಊರಿನ ಎತ್ತುಗಳ ಕೊಂಬಿನ ಹಾಗೆ ಉದ್ದುದ್ದ ಇರಬೇಕು, ತುದಿ ಚೂಪಾಗಿರಬೇಕು. "ಕೊಂಬು ಉದ್ದ ಆದಷ್ಟೂ ಮುರಿಯೋ ಜಾಗ ಜಾಸ್ತಿ" ಎಂದು ಗೊಣಗುತ್ತಲೇ ಜೆರ್ಮೇನ್ ಹಾಗೆಯೇ ಕೆತ್ತಿಕೊಟ್ಟಿದ್ದ. ಮರ, ಬೆಸ್ತರು ದೋಣಿ ಕೊರೆಯುವ ಹಗುರ ಮರ. ಎರಡು ಮೂರು ದಿನ ಬಿಡದೆ ಹೆಗಲಿಗೆ ಹಾಕಿಕೊಂಡು ನುಡಿಸುವವನಿಗೆ ಅದೇ ಸರಿ.

ಕೊನೆಗೆ ಜೆರ್ಮೇನ್ ಸೋತ. ಅದಕ್ಕೆ ಕಾರಣ ಬಣ್ಣವಲ್ಲ, ನಂಬಿನಾನ ಹೆಂಡತಿ ಪರ್ಲಿನಳ ಅಜ್ಜಿ ತೀರಿಕೊಂಡ ಸುದ್ದಿ.

ಪರ್ಲಿನ್ ತಂಡದ ಹಾಡುಗಾರ್ತಿ. ಉನಿಲಾಹಿ ನದಿಯ ದಕ್ಷಿಣಕ್ಕಿರುವ ಅಂಕಿಲಿಮಾಸಿಯ ದನಗಾರರ ಮನೆತನದವಳು. ಊರಿಗೆ ಬಂದಿದ್ದ ಗಿಟಾರಿನವನ ಹಿಂದೆ ಟ್ರಕ್ಕು ಹತ್ತಿ ಹೋದ ಹುಡುಗಿ ಎಂದು ಅವಳ ಹೆಸರನ್ನು ಆ ಮನೆಯಲ್ಲಿ ಹತ್ತು ವರ್ಷ ಯಾರೂ ಎತ್ತಿರಲಿಲ್ಲ. ಈಗ ಮೊದಲ ಸಲ ಕರೆ ಬಂದಿತ್ತು. ಸಾವಿನ ಮನೆಗೆ ಅಳಿಯಂದಿರು ದನ ಹೊಡೆದುಕೊಂಡು, ಬಂದೂಕು ಹಾರಿಸಿಕೊಂಡು ಮೆರವಣಿಗೆಯಲ್ಲಿ ಬರಬೇಕು. ನಂಬಿನಾನ ಬಳಿ ಒಂದು ಕರುವೂ ಇರಲಿಲ್ಲ. ಅವನು ತರಬಹುದಾಗಿದ್ದ ಉಡುಗೊರೆ ತನ್ನ ಸಂಗೀತವೊಂದೇ. ಅದನ್ನು ಬೋಳು ಮರದ ಗಿಟಾರಿನಲ್ಲಿ ಕೊಡುವುದು ಹೇಗೆ? ಇಡೀ ಅಂಗಳ ಕಣ್ಣರಳಿಸಿ ನೋಡಬೇಕು ಎಂದು ಅವನ ಆಸೆ.

ಪರ್ಲಿನ್ ಮುಂಚೆಯೇ ಹೊರಟುಹೋಗಿದ್ದಳು. ಹೋಗುವಾಗ ಗಂಡನಿಗೆ ಸಾವಿರ ಬುದ್ಧಿ ಹೇಳಿದ್ದಳು. ಪಡುವಣ ಬಾಗಿಲಿಂದಲೇ ಒಳಗೆ ಬಾ, ಚಾಪೆ ದಾಟಬೇಡ, ಸಿಳ್ಳೆ ಹಾಕಬೇಡ, ಹಂದಿ ಮಾಂಸ ಮುಟ್ಟಿ ಬರಬೇಡ. ಬಣ್ಣದ ಮಾತೇ ಬಂದಿರಲಿಲ್ಲ. ಅವನ ಹಳೇ ಗಿಟಾರಿಗೆ ಬಣ್ಣವೇ ಇರಲಿಲ್ಲವಲ್ಲ. ಹತ್ತು ವರ್ಷದಲ್ಲಿ ಅವಳು ಒಮ್ಮೆಯೂ ಕೆಂಪು ಉಟ್ಟಿದ್ದನ್ನು ನಂಬಿನಾ ಕಂಡಿರಲಿಲ್ಲ. ತನ್ನ ಮೈಬಣ್ಣಕ್ಕೆ ಒಪ್ಪುವುದಿಲ್ಲವೆಂದು ಉಡುವುದಿಲ್ಲವೇನೋ ಎಂದುಕೊಂಡಿದ್ದ.

ಜೆರ್ಮೇನ್ ಬಣ್ಣ ಹೊಡೆದ. ಹೊಡೆದ ಮೇಲೆ ಅರೆಮನಸ್ಸಿನ ಕೆಲಸ ಅವನ ಜಾಯಮಾನವಲ್ಲ. ಮರಳು ಕಾಗದದಿಂದ ಉಜ್ಜಿ, ಮತ್ತೆ ಹೊಡೆದು, ಮತ್ತೆ ಉಜ್ಜಿ, ಕೊನೆಗೆ ಹಲ್ಲುಜ್ಜುವ ಪೇಸ್ಟು ಹಾಕಿ ಬಟ್ಟೆಯಲ್ಲಿ ತಿಕ್ಕಿದಾಗ ಆ ಗಿಟಾರು ಆಗತಾನೆ ನೀರಿನಿಂದ ಎದ್ದ ಹಾಗೆ ಹೊಳೆಯಿತು.

ಟ್ರಕ್ಕು ಅಂಕಿಲಿಮಾಸಿಯ ಬೇಲಿಯ ಹೊರಗೆ ನಿಂತಾಗ ಸೂರ್ಯ ನೆತ್ತಿಯಿಂದ ಆಗಲೇ ಜಾರಿದ್ದ. ಮುಳ್ಳುಕಾಡಿನ ದಾರಿಯ ಧೂಳೆಲ್ಲ ತಂಡದವರ ರೆಪ್ಪೆಯ ಮೇಲೆ ಕೂತಿತ್ತು. ಕಳ್ಳಿ ಬೇಲಿಯಾಚೆ ದೊಡ್ಡ ಅಂಗಳ, ಅಂಗಳದ ತುಂಬ ಜನ, ಹುಣಸೆಮರದ ಕೊಂಬೆಗೆ ಕಟ್ಟಿದ ಲೌಡ್‌ಸ್ಪೀಕರು. ಮನೆಯವರು ಕರೆಸಿದ್ದ ಜಫಿಯ ತಂಡ ನುಡಿಸುತ್ತಿತ್ತು. ಹೊತ್ತು ಮುಳುಗುವ ಮೊದಲು ಹೆಣ ಮನೆಯಿಂದ ಹೊರಡಬೇಕು. ಹೊರಟ ಮೇಲೆ ಯಾವ ಅಳಿಯನೂ ಒಳಗೆ ಬರುವಂತಿಲ್ಲ.

ಪರ್ಲಿನ್ ಹೆಂಗಸರ ಗುಂಪಿನೊಂದಿಗೆ ಹಾಡುತ್ತಾ ಬೇಲಿಯ ಬಾಯಿಗೆ ಬಂದಳು. ನೀಲಿ ಹಚ್ಚಡ ಹೊದ್ದಿದ್ದಳು, ಅತ್ತೂ ಅತ್ತೂ ಮುಖ ಬಾಡಿತ್ತು. ಆದರೂ ಗಂಡನನ್ನು ಕಂಡು ಅವಳ ದನಿ ಒಂದು ಮೆಟ್ಟಿಲು ಮೇಲೇರಿತು. ನಂಬಿನಾನ ಎದೆ ಉಬ್ಬಿತು. ಟ್ರಕ್ಕಿನಿಂದ ಕೆಳಗೆ ಧುಮುಕಿ, ಗಿಟಾರಿಗೆ ಸುತ್ತಿದ್ದ ಬಟ್ಟೆಯನ್ನು ಒಂದೇ ಎಳೆತಕ್ಕೆ ಎಳೆದು ಹಾಕಿದ.

ಬಿಸಿಲು ಅದರ ಮೇಲೆ ಬಿದ್ದು ಎದುರಿಗಿದ್ದವರ ಕಣ್ಣಿಗೆ ಚುಚ್ಚಿತು.

ಪರ್ಲಿನಳ ಹಾಡು ಅರ್ಧಕ್ಕೇ ನಿಂತಿತು. ಅವಳ ಹಿಂದಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದರು.

"ಮುಚ್ಚು" ಎಂದಳು ಪರ್ಲಿನ್. ಮತ್ತೆ ಕೂಗಿದಳು: "ನಂಬಿನಾ, ಮುಚ್ಚು ಅದನ್ನ! ಯಾರ್ ಹೇಳಿದ್ರು ನಿನಗೆ ಕೆಂಪು ಬಳಿಸೋಕೆ?"

ಅವನಿಗೆ ತಿಳಿಯಲಿಲ್ಲ. ಬಟ್ಟೆ ಹುಡುಕಲು ಬಗ್ಗಿದ. ಅಷ್ಟರಲ್ಲಿ ಒಂದು ಬಂದೂಕಿನ ಸದ್ದು ಕಿವಿಗಪ್ಪಳಿಸಿತು. ಕಟ್ಟಿದ್ದ ದನಗಳು ಹಗ್ಗ ಜಗ್ಗಿದವು. ಅಂಗಳದ ಸಂಗೀತ ಗಕ್ಕನೆ ನಿಂತಿತು. ಮದ್ದಿನ ಹೊಗೆಯ ನಡುವಿನಿಂದ ಎತ್ತರದ ಗಂಡಸೊಬ್ಬ ದಾಪುಗಾಲು ಹಾಕುತ್ತಾ ಬಂದ. ಪರ್ಲಿನಳ ಅಣ್ಣ ತ್ಸಿವೆರಿ ಅಂತ ಹೇಳಬೇಕಾಗಿರಲಿಲ್ಲ. ಅದೇ ಹಣೆ, ಅದೇ ಹುಬ್ಬು.

"ಹತ್ತು ವರ್ಷ ಆದ್ಮೇಲೆ ಬಂದೆ. ಬರೋವಾಗ ಇದನ್ನ ತಂದೆಯಾ?" ಎಂದ. ಖಾಲಿಯಾದ ಬಂದೂಕು ಇನ್ನೂ ಅವನ ಕೈಯಲ್ಲೇ ಇತ್ತು, ನಳಿಗೆ ನಂಬಿನಾನ ಮೊಣಕಾಲಿನತ್ತ. "ಅಜ್ಜಿ ಒಳಗೆ ಮಲಗಿದಾಳೆ. ಅವಳ ಕಣ್ಣೆದುರಿಗೆ ಕೆಂಪು ಹಿಡ್ಕೊಂಡು ಕುಣಿಯೋಕೆ ಬಂದೆಯಾ?"

"ನನಗೆ ಗೊತ್ತಿರ್ಲಿಲ್ಲ ಭಾವ."

"ಯಾರೋ ನಿನಗೆ ಭಾವ?"

"ಅಣ್ಣಾ, ನಾನು ಹೇಳಿರ್ಲಿಲ್ಲ" ಎಂದು ಪರ್ಲಿನ್ ನಡುವೆ ಬಂದಳು. "ತಪ್ಪು ನನ್ನದು. ಅವನ ಗಿಟಾರು ಬರೀ ಮರ ಇತ್ತು, ಇವತ್ತಿನವರೆಗೂ."

"ಹಂಗಾದ್ರೆ ನೀನೂ ಅವನ ಜೊತೆ ಟ್ರಕ್ಕು ಹತ್ತು. ಅಜ್ಜಿ ಹೊರಡೋದನ್ನ ಅಲ್ಲಿಂದ್ಲೇ ನೋಡು. ಹತ್ತೋದು ನಿನಗೇನು ಹೊಸದಲ್ವಲ್ಲ."

ಪರ್ಲಿನ್ ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ನಿಂತಳು. ನಂಬಿನಾನ ಮೈ ಬಿಸಿಯಾಯಿತು. ಒಂದು ಮಾತು ಬಾಯಿಗೆ ಬಂದಿತ್ತು, ಜೆರ್ಮೇನ್ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದ. ಬೇಲಿಯ ಉದ್ದಕ್ಕೂ ಬಂದೂಕು, ಭರ್ಜಿ ಹಿಡಿದ ಗಂಡಸರು ಬಂದು ನಿಂತಿದ್ದರು.

ಗುಂಪು ಸರಿದು ದಾರಿ ಬಿಟ್ಟಿತು. ಮನೆತನದ ಹಿರಿಯ ರೆಮಾಸಿ ಅಜ್ಜ ಕೋಲೂರಿಕೊಂಡು ಬಂದ. ಸತ್ತವಳ ತಮ್ಮ ಅವನು. ಗಿಟಾರಿನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡ.

"ತಮ್ಮಾ, ನಮ್ಮ ಹಿಂಡಿನಲ್ಲಿ ಒಂದಾದ್ರೂ ಕೆಂದ ಎತ್ತು ಇದೆಯಾ ನೋಡು" ಎಂದ. "ಇಲ್ಲ. ಕೆಂಪು ಬಟ್ಟೆ ಸುತ್ಕೊಂಡು ಬಂದೋರು ಈ ಊರನ್ನ ಸುಟ್ಟಿದ್ರು. ನಮ್ಮಜ್ಜನ ಅಜ್ಜ ತೊಟ್ಟಿಲ ಕೂಸು ಆಗ. ಉಳಿದದ್ದು ಅದೊಂದೇ ಜೀವ. ಆವತ್ತಿಂದ ಕೆಂಪು ಈ ಬೇಲಿ ದಾಟಿಲ್ಲ."

ನಂಬಿನಾನ ತಂಡದ ಡೋಲಿನವನು ಬಾಯಿ ತಡೆಯಲಾರದೆ, "ನೆಲವೂ ಕೆಂಪೇ ಅಲ್ವಾ ಅಜ್ಜಾ?" ಅಂದುಬಿಟ್ಟ.

"ನೆಲ ನಾವು ತಂದದ್ದಲ್ಲ" ಎಂದ ಅಜ್ಜ.

ಪರ್ಲಿನ್ ಅಜ್ಜನ ಕಾಲ ಬಳಿ ಕೂತುಬಿಟ್ಟಳು. "ಬಟ್ಟೆ ಸುತ್ತಿ ನುಡಿಸ್ತಾನೆ ಅಜ್ಜ. ಒಂದು ಚೂರೂ ಕಾಣದ ಹಂಗೆ ಸುತ್ತಿಕೊಡ್ತೀನಿ."

"ಅವಳ ಕಣ್ಣಿಗೆ ಈಗ ಬಟ್ಟೆ ಅಡ್ಡ ಬರುತ್ತಾ ಮಗಾ?" ಎಂದ ಅಜ್ಜ, ಮನೆಯ ಕಡೆ ಕಣ್ಣು ಹಾಯಿಸಿ. ಆಮೇಲೆ ನಂಬಿನಾನಿಗೆ: "ಕೆಂಪು ಹೋದ್ರೆ ಒಳಗೆ ಬಾ. ಹೋಗದಿದ್ರೆ ಟ್ರಕ್ಕು ತಿರುಗಿಸು. ಹೊತ್ತು ಮುಳುಗೋವರೆಗೂ ನಿನಗೆ ಅವಕಾಶ ಇದೆ."

ಜಫಿ ಬೇಲಿಯ ಬಳಿಗೆ ಬಂದ. ಹೊಟ್ಟೆಯ ಮೇಲೆ ಬೆಣ್ಣೆ ಬಣ್ಣದ ಗಿಟಾರು ತೂಗುಬಿಟ್ಟುಕೊಂಡು, ನಗಲೋ ಬೇಡವೋ ಎಂಬ ಮುಖ ಮಾಡಿಕೊಂಡು, "ನಂದು ತಗೋ. ಸಾಲ ಅಲ್ಲ, ಸುಮ್ನೆ ತಗೋ" ಎಂದ. ಮನಸ್ಸಿನಿಂದಲೇ ಹೇಳಿದ. ನಂಬಿನಾ ಅದನ್ನು ಹೆಗಲಿಗೆ ಹಾಕಿ ನೋಡಿದ. ಒರಳುಕಲ್ಲಿನ ಭಾರ. ಮೇಲಿನ ಪಕ್ಕ ಮೊಂಡು, ಕುತ್ತಿಗೆಯ ಬುಡದಲ್ಲಿ ಒಡಲು ಅಡ್ಡ ಬಂದು ಅವನ ಕೈ ಕೊನೆಯ ಮೆಟ್ಟುಗಳಿಗೆ ತಲುಪಲಿಲ್ಲ. ಅವನ ನುಡಿಸಾಣಿಕೆಯೆಲ್ಲ ಇದ್ದದ್ದು ಅಲ್ಲೇ, ಆ ಎತ್ತರದಲ್ಲಿ.

"ಪಾಪ, ಕೊಂಬು ಬೇಕಲ್ವಾ ಸಾಹೇಬ್ರಿಗೆ" ಎಂದ ಜಫಿ.

ನಂಬಿನಾ ಗಿಟಾರನ್ನು ಮರಳಿ ಕೊಟ್ಟ. ಕೈ ತಲುಪದಿರುವುದಷ್ಟೇ ಕಾರಣವಾಗಿರಲಿಲ್ಲ. ದನ ತರದ ಅಳಿಯ ಇನ್ನೊಬ್ಬನ ಗಿಟಾರು ಹಿಡಿದು ಒಳಗೆ ಹೋದರೆ ಅವನು ಕೊಟ್ಟದ್ದಾದರೂ ಏನು? ಅವನು ಜೆರ್ಮೇನನ ಮುಖ ನೋಡಿದ.

"ಕೆರೆಯೋಣ" ಎಂದ.

ಜೆರ್ಮೇನ್ ಬಾಟಲಿಯೊಂದನ್ನು ಹುಡುಕಿ ತಂದು ಟ್ರಕ್ಕಿನ ಚಕ್ರಕ್ಕೆ ಬಡಿದು ಒಡೆದ. ಅಂಚು ನೆಟ್ಟಗಿದ್ದ ಚೂರುಗಳನ್ನು ಆರಿಸಿ ಒಂದನ್ನು ನಂಬಿನಾನ ಕೈಗಿಟ್ಟ.

ಬೇಲಿಯ ಹೊರಗಿನ ಒಂಟಿ ಹುಣಸೆಮರದ ನೆರಳಲ್ಲಿ ಕೂತು ತಂತಿ ಬಿಚ್ಚಿದರು, ತಿರುಪು ತೆಗೆದು ಕುತ್ತಿಗೆ ಬೇರ್ಪಡಿಸಿದರು, ನಾದ ಹಿಡಿಯುವ ಪಿಕಪ್ಪು, ವೈರುಗಳನ್ನು ಕಿತ್ತರು. ಬರೀ ಒಡಲು ಉಳಿಯಿತು. ಗಾಜು ಬಣ್ಣದ ಮೇಲೆ ಕಿರ್ ಎಂದು ಜಾರಿತು, ಹಿಡಿಯಲಿಲ್ಲ. ಅಷ್ಟು ಚೆನ್ನಾಗಿ ಹೊಡೆದಿದ್ದ ಬಣ್ಣ. ಜೆರ್ಮೇನ್ ತನ್ನ ಕೆಲಸಕ್ಕೆ ತಾನೇ ಬೈದುಕೊಂಡ. ತ್ಸಿವೆರಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಕಣ್ಣೆವೆ ಇಕ್ಕದೆ ನೋಡುತ್ತಿದ್ದ.

"ಹಿಂಗಾದ್ರೆ ಮುಂದಿನ ಮಳೆಗಾಲಕ್ಕೆ ಮುಗಿಯುತ್ತೆ" ಎಂದ.

"ಬಿಸಿ ಬೇಕು" ಎಂದ ಜೆರ್ಮೇನ್. "ಇಸ್ತ್ರಿ ಪೆಟ್ಟಿಗೆ. ಇದ್ದಿಲಿಂದು."

ಪರ್ಲಿನ್ ಎದ್ದು ಓಡಿದಳು. ತುಸು ಹೊತ್ತಿಗೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಬಂತು, ಆದರೆ ತಂದವಳು ಪರ್ಲಿನ್ ಅಲ್ಲ. ಅವಳ ತಾಯಿ. ಹತ್ತು ವರ್ಷ ಮಗಳ ಹೆಸರು ಹೇಳದ ತಾಯಿ. ಅದನ್ನು ನೆಲಕ್ಕಿಟ್ಟು, ಅಳಿಯನ ಮುಖ ನೋಡದೆ ಹಿಂದಿರುಗಿದಳು.

ಕಾದ ಕಬ್ಬಿಣ ತಾಗಿದ್ದೇ ಬಣ್ಣ ಬೊಬ್ಬೆಯೆದ್ದಿತು. ಎದ್ದ ಕಡೆ ಗಾಜು ಎಳೆದರೆ ಸಿಪ್ಪೆಸಿಪ್ಪೆಯಾಗಿ ಬಂತು. ವಾಸನೆ ಗಂಟಲು ಹಿಡಿಯಿತು. ಕೆಂಪು ಸಿಪ್ಪೆಗಳು ಬೇಲಿಯ ಕಡೆ ಹಾರದಂತೆ ಡೋಲಿನವನು ಹಚ್ಚಡ ಹಿಡಿದು ನಿಂತ. ಹಿಂಬದಿ ಮುಗಿಯಿತು, ಅಂಚು ಮುಗಿಯಿತು. ನೆರಳು ಉದ್ದವಾಗುತ್ತಿತ್ತು. ಒಳಗೆ ಹೆಣ್ಣುಮಕ್ಕಳ ಅಳು ಜೋರಾಯಿತು. ಹೆಣದ ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು ಕೇಳಿ ನಂಬಿನಾನ ಕೈ ಅವಸರಪಟ್ಟಿತು. ಇಸ್ತ್ರಿಯನ್ನು ಒಂದೇ ಕಡೆ ಹೆಚ್ಚು ಹೊತ್ತು ಒತ್ತಿದ. ಭಗ್ಗೆಂದು ನೀಲಿ ಉರಿ ಎದ್ದಿತು.

ಜೆರ್ಮೇನ್ ಮಣ್ಣು ಎರಚುವ ಮೊದಲೇ ನಂಬಿನಾ ಬರಿಗೈಯಿಂದ ಉರಿಯನ್ನು ಅಪ್ಪಳಿಸಿದ್ದ. ಕರಗಿದ ಬಣ್ಣ ಬಲಗೈ ಹೆಬ್ಬೆರಳಿಗೆ ಅಂಟಿ ಸುಟ್ಟಿತು. ಹಲ್ಲು ಕಚ್ಚಿ ಸೊಂಟ ಬಗ್ಗಿಸಿ ಕೂತ. ತಂತಿ ಮೀಟುವ ಬೆರಳು ಅದು.

"ಸಾಕು ಕಣೋ" ಎಂದ ಜೆರ್ಮೇನ್, ಮೆಲ್ಲಗೆ. "ಹೋಗೋಣ. ನಮಗೆ ಬೇರೆ ಊರಿಲ್ವಾ?"

"ನನಗಿದೆ. ಅವಳಿಗಿಲ್ಲ."

ಎಂಜಲು ಹಚ್ಚಿಕೊಂಡು ಮತ್ತೆ ಗಾಜು ಹಿಡಿದ.

ಬಣ್ಣವೆಲ್ಲ ಹೋದ ಮೇಲೆ ಹೊಸ ಸಂಕಟ ಕಾಣಿಸಿತು. ಮರ ಮರದ ಬಣ್ಣಕ್ಕೆ ಬರಲಿಲ್ಲ. ಮೊದಲ ಕೈ ಬಣ್ಣ ಚೆನ್ನಾಗಿ ಹಿಡಿಯಲೆಂದು ಜೆರ್ಮೇನ್ ಥಿನ್ನರ್ ಬೆರೆಸಿ ನೀರಾಗಿ ಹೊಡೆದಿದ್ದ. ದೋಣಿಯ ಮೆತ್ತನೆ ಮರ ಅದನ್ನು ಕುಡಿದುಬಿಟ್ಟಿತ್ತು. ಎಷ್ಟು ಕೆರೆದರೂ ನಸುಗೆಂಪು. ಎರಡು ಕೊಂಬುಗಳಲ್ಲಿ ಮಾತ್ರ, ಮರದ ಎಳೆಗಳು ಕೊನೆಯಾಗುವ ತುದಿಯಾದ್ದರಿಂದ, ಬಣ್ಣ ಆಳಕ್ಕಿಳಿದು ಗಾಯದ ಹಾಗೆ ಕಾಣುತ್ತಿತ್ತು.

"ಇದು ಕೆಂಪೇ" ಎಂದ ತ್ಸಿವೆರಿ.

"ಇದೆಲ್ಲಿ ಕೆಂಪು? ಇದು..." ಜೆರ್ಮೇನ್‌ಗೆ ಹೆಸರು ಸಿಗಲಿಲ್ಲ. "ಇದು ಮರ!"

"ನಿಮ್ಮೂರಲ್ಲಿ ಮರ ನಾಚ್ಕೊಳ್ಳುತ್ತಾ?"

ಬೇಲಿಯ ಬಳಿಯಿದ್ದವರು ನಕ್ಕರು. ಆವತ್ತು ಅಲ್ಲಿ ಕೇಳಿಸಿದ ಮೊದಲ ನಗು ಅದು. ಆದರೆ ತ್ಸಿವೆರಿ ನಗಲಿಲ್ಲ. ಕೆಲವರು ಕೆಂಪೇ ಎಂದರು, ಕೆಲವರು ಅಲ್ಲವೆಂದರು, ದನಿಗಳು ಏರಿದವು. ಯಾರೋ ಕೋಲಿನಿಂದ ನೆಲ ಕುಟ್ಟಿದರು. ಕೊನೆಗೆ ರೆಮಾಸಿ ಅಜ್ಜನನ್ನೇ ಮತ್ತೆ ಕರೆತಂದರು.

ಅಜ್ಜ ಈ ಸಲ ಮುಖ ತಿರುಗಿಸಲಿಲ್ಲ. ನೆಲಕ್ಕೆ ಕೂತು ಒಡಲನ್ನು ತೊಡೆಯ ಮೇಲಿಟ್ಟುಕೊಂಡ. ಅಜ್ಜ ತನ್ನ ಬಲಗೈಯನ್ನು ಅಂಗೈ ಮೇಲಾಗಿಸಿ ಮರದ ಪಕ್ಕದಲ್ಲಿ ಇಟ್ಟ. ಮುಪ್ಪಿನಿಂದ ಗೆರೆಗೆರೆಯಾದ ಅಂಗೈ, ನಸುಗೆಂಪು. ಎರಡನ್ನೂ ಹೋಲಿಸಿ ನೋಡಿದ.

"ನನ್ನ ಅಂಗೈ ಬಣ್ಣ ಇದು" ಎಂದ. "ಈ ಕೈ ಇಟ್ಕೊಂಡೇ ನಾನು ಇಲ್ಲಿ ಹುಟ್ಟಿ ಇಲ್ಲೇ ಮುದುಕ ಆಗಿದೀನಿ. ಇದು ಬರಲಿ." ಆಮೇಲೆ ಬೆರಳನ್ನು ಕೊಂಬಿನ ಮೇಲಿಟ್ಟ. "ಇದು ಅಂಗೈ ಅಲ್ಲ."

ನಂಬಿನಾ ಕಣ್ಣು ಮುಚ್ಚಿ ತೆರೆದ. "ಗರಗಸ ಕೊಡು" ಎಂದ ಜೆರ್ಮೇನ್‌ಗೆ.

"ಕೊಂಬು ಹೋದ್ರೆ ಹೆಗಲ ಪಟ್ಟಿ ಎಲ್ಲಿಗೆ ಕಟ್ತೀಯಾ? ಮೇಲಿನ ಕೊಂಬಿನ ತುದಿಗೇ ತೂಗೋದು ಅದು. ಇಲ್ಲಾಂದ್ರೆ ಕುತ್ತಿಗೆ ನೆಲಕ್ಕೆ ಬೀಳುತ್ತೆ."

"ಬಿದ್ರೆ ಹಿಡ್ಕೋತೀನಿ. ಕೊಡು."

ತಾನೇ ಕೊಯ್ದ. ತಿಂಗಳುಗಟ್ಟಲೆ ಕನಸಿನಲ್ಲಿ ಕಂಡಿದ್ದ ಕೊಂಬು. ಜೆರ್ಮೇನನ ಬೆನ್ನು ಹತ್ತಿ, ಕಾಗದದಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಮಾಡಿಸಿಕೊಂಡಿದ್ದ ಬಾಗು. ಗರಗಸ ಎರಡು ಸಲ ಹಿಂದೆ ಮುಂದೆ ಆಡುವಷ್ಟರಲ್ಲಿ ಹೆಬ್ಬೆರಳ ಬೊಬ್ಬೆ ಒಡೆಯಿತು. ಮೇಲಿನದು ಬಿತ್ತು, ಕೆಳಗಿನದು ಬಿತ್ತು. ಉಳಿದ ಒಡಲು ಬೇಯಿಸಿದ ಮರಗೆಣಸಿನ ತುಂಡಿನ ಹಾಗಿತ್ತು. ಕುಯ್ದ ಜಾಗದಲ್ಲಿ ಮರ ಬೆಳ್ಳಗೆ ಕಂಡಿತು. ಅಜ್ಜ ತಲೆಯಾಡಿಸಿ ಎದ್ದು ಒಳಗೆ ಹೋದ.

ಹೊತ್ತು ಇಳಿದಿತ್ತು. ಜೆರ್ಮೇನ್ ಕುತ್ತಿಗೆಯನ್ನು ಅದರ ಗೂಡಿಗೆ ಕೂರಿಸಲು ಹೋದವನು ತಟ್ಟನೆ ನಿಂತ. ಗೂಡಿನ ಒಳಮೈಗೂ ಬಣ್ಣ ಹೋಗಿತ್ತು. ಅಲ್ಲಿ ಗಾಜು ಹೋಗಿರಲಿಲ್ಲ. ಹಸೀ ಕೆಂಪು, ಹೊಳೆಯುವ ಕೆಂಪು. ಅವನು ನಂಬಿನಾನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ: "ಕುತ್ತಿಗೆ ಕೂತ್ಮೇಲೆ ದೇವರಿಗೂ ಕಾಣಲ್ಲ. ತಿರುಪು ಹಾಕಿಬಿಡ್ತೀನಿ. ಇಲ್ಲಿ ಕೆರೆದ್ರೆ ಗೂಡು ಸಡಿಲ ಆಗುತ್ತೆ, ಶ್ರುತಿ ನಿಲ್ಲಲ್ಲ."

ನಂಬಿನಾ ಬೇಲಿಯ ಕಡೆ ನೋಡಿದ. ಪರ್ಲಿನ್ ಕಂಬ ಹಿಡಿದು ನಿಂತಿದ್ದಳು, ಬೇಲಿಯ ಒಳಗೂ ಅಲ್ಲ, ಹೊರಗೂ ಅಲ್ಲ. ಪೆಟ್ಟಿಗೆ ಹೊರುವವರು ಹೆಗಲ ಬಟ್ಟೆ ಮಡಿಸಿಕೊಳ್ಳುತ್ತಿದ್ದರು. ತಿರುಪು ಹಾಕಿದರೆ ಮುಗಿಯಿತು. ತ್ಸಿವೆರಿ ಆ ಕ್ಷಣ ಬೇರೆ ಕಡೆ ನೋಡುತ್ತಿದ್ದ.

ನಂಬಿನಾ ಕುತ್ತಿಗೆಯನ್ನು ಪಕ್ಕಕ್ಕಿಟ್ಟು, ಒಡಲನ್ನು ಎತ್ತಿ ಹಿಡಿದು, "ತ್ಸಿವೆರಿ" ಎಂದು ಕೂಗಿದ. "ಇಲ್ಲೊಂದಿಷ್ಟು ಉಳಿದಿದೆ. ಗಾಜು ಹೋಗ್ತಿಲ್ಲ. ನಿನ್ನ ಚಾಕು ಕೊಡ್ತೀಯಾ?"

ಜೆರ್ಮೇನ್ ಹಣೆ ಚಚ್ಚಿಕೊಂಡ.

ತ್ಸಿವೆರಿ ಎದ್ದು ಬಂದ. ಗೂಡಿನೊಳಗೆ ಇಣುಕಿದ, ನಂಬಿನಾನ ಮುಖ ನೋಡಿದ, ಮತ್ತೆ ಗೂಡು ನೋಡಿದ. ಬಿಳಿಚಿಕೊಂಡಿದ್ದ ಆ ಮುಖದಲ್ಲಿ, ಹರಿದ ಹೆಬ್ಬೆರಳಲ್ಲಿ ಏನು ಕಂಡನೋ, ಬಂದೂಕನ್ನು ಮರಕ್ಕೆ ಒರಗಿಸಿ ಸೊಂಟದ ಚಾಕು ತೆಗೆದ. ಕೊಡಲಿಲ್ಲ. ಒಡಲನ್ನು ತಾನೇ ಮೊಣಕಾಲಿನ ನಡುವೆ ಇರುಕಿಕೊಂಡು ಕೆರೆಯತೊಡಗಿದ. ದನದ ಚರ್ಮ ಸುಲಿದು ಪಳಗಿದ ಕೈ. ಒಂದು ಎಳೆಯೂ ಹೆಚ್ಚು ಕೀಳದೆ ಬಣ್ಣವನ್ನಷ್ಟೇ ಎತ್ತಿ ತೆಗೆಯಿತು.

"ಬೇಗ" ಎಂದ, ಊದಿ ಧೂಳು ಹಾರಿಸಿ. "ಹೊರೋರು ನಿಂತಿದಾರೆ."

ಆಮೇಲೆ ಏನು ಯಾವುದರ ನಂತರ ಆಯಿತೆಂದು ನಂಬಿನಾನಿಗೆ ನೆನಪಿಲ್ಲ. ಸಡಿಲವಾದ ಗೂಡಿಗೆ ಜೆರ್ಮೇನ್ ಮೀನಿನ ಡಬ್ಬದ ತಗಡು ಕತ್ತರಿಸಿ ಸಂದಿಗೆ ಬೆಣೆ ಹೊಡೆದ. ತಿರುಪು ಬಿಗಿದು ತಂತಿ ಏರಿಸಿದ. ವೈರುಗಳನ್ನು ಕೈಯಿಂದಲೇ ಹೊಸೆದ. ಕೊಂಬಿಲ್ಲದ ಗಿಟಾರನ್ನು ಹೆಗಲಿಗೆ ಹಾಕಿದ್ದೇ ತಡ, ಹೇಳಿದಂತೆಯೇ ಕುತ್ತಿಗೆ ಧೊಪ್ಪನೆ ನೆಲದ ಕಡೆ ಬಾಗಿತು. ಪರ್ಲಿನ್ ತನ್ನ ಹಚ್ಚಡದ ಅಂಚನ್ನು ಹಲ್ಲಿನಿಂದ ಹರಿದು ನೀಲಿ ಪಟ್ಟಿ ತೆಗೆದು, ಬಿರಡೆಗಳ ಕೆಳಗೆ ಸುತ್ತಿ, ಗಂಡನ ಬೆನ್ನ ಹಿಂದಿನಿಂದ ತಂದು ಬಿಗಿಯಾಗಿ ಗಂಟು ಹಾಕಿದಳು.

"ನಿಲ್ಲುತ್ತಾ?"

"ನಿಂತ್ಕೋಬೇಕು."

ಅವರು ಪಡುವಣ ಬಾಗಿಲಿಂದ ಒಳಗೆ ಬಂದರು. ಜಫಿ ತನ್ನ ಆಂಪ್ಲಿಫೈಯರಿನ ವೈರನ್ನು ತಾನೇ ಎಳೆದು ತಂದು ಕೊಟ್ಟ. ಮೊದಲ ಮೀಟಿಗೆ ಗಿಟಾರು ನಾದ ಕೊಡಲಿಲ್ಲ, ಹಂದಿ ಕಿರುಚಿದ ಹಾಗೆ ಕಿರುಚಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಮೂಲೆಯಲ್ಲಿ ಯಾರೋ "ಅಯ್ಯೋ" ಅಂದರು. ನಂಬಿನಾ ಸ್ಪೀಕರಿಗೆ ಬೆನ್ನು ಮಾಡಿ ತಿರುಗಿ ನಿಂತ, ಎರಡು ಬಿರಡೆ ತಿರುವಿದ, ಸುಟ್ಟ ಹೆಬ್ಬೆರಳನ್ನು ಮಡಿಸಿ ತೋರುಬೆರಳಿನಿಂದ ಮೀಟಿದ.

ಬಂತು. ಒರಟಾದ, ತುಸು ಕರಕಲಾದ ನಾದ. ಆದರೆ ಓಟವಿತ್ತು. ಕೈ ಮೇಲಿನ ಮೆಟ್ಟುಗಳಿಗೆ ಹತ್ತಿತು. ಅಡ್ಡ ಬರಲು ಅಲ್ಲಿ ಏನೂ ಉಳಿದಿರಲಿಲ್ಲ. ಡೋಲು ಸೇರಿತು, ಜೆರ್ಮೇನನ ಬೇಸ್ ನೆಲದಿಂದ ಕಾಲಿಗೇರಿತು. ಪರ್ಲಿನ್ ಬಾಯಿ ತೆರೆದಳು.

ಅಜ್ಜಿ ತನಗೆ ಜಡೆ ಹೆಣೆಯುತ್ತಾ ಬೈಯುತ್ತಿದ್ದ ಬೈಗುಳಗಳನ್ನೇ ಅವಳು ಹಾಡಿದಳು. ಕೋತಿ ಕೂದಲಿನವಳೇ, ಓಡಿಹೋಗುವ ಕಾಲಿನವಳೇ, ಬಾ ಕೂತ್ಕೋ ಎಂದು. ಮೊದಲು ಮುದುಕಿಯೊಬ್ಬಳು ಅಳುತ್ತಲೇ ನಕ್ಕಳು. ಆಮೇಲೆ ಹೆಂಗಸರ ಸಾಲು ಧೂಳೆಬ್ಬಿಸುತ್ತಾ ಕುಣಿತಕ್ಕೆ ಇಳಿಯಿತು. ಆ ಸಾಲಿನಲ್ಲಿ ತನ್ನ ಅತ್ತೆ ಇದ್ದಾಳೆಯೇ ಎಂದು ನಂಬಿನಾ ನೋಡಲು ಹೋಗಲಿಲ್ಲ. ಅವನ ಕಣ್ಣಿದ್ದದ್ದು ಮನೆಯ ಬಾಗಿಲ ಮೇಲೆ. ಉಡುಗೊರೆ ಒಪ್ಪಿಗೆಯಾಯಿತೆಂದು ಮನೆಯವರು ಬಂದೂಕು ಹಾರಿಸಬೇಕು. ಹಾರಿಸದಿದ್ದರೆ ಇಷ್ಟೆಲ್ಲ ಮಾಡಿಯೂ ಅವನು ಹೊರಗಿನವನೇ. ಪೆಟ್ಟಿಗೆ ಬಾಗಿಲಿಗೆ ಬಂತು. ಸದ್ದಿಲ್ಲ. ಹೊಸ್ತಿಲು ದಾಟಿತು. ಸದ್ದಿಲ್ಲ. ಅವನ ಬೆರಳು ಓಡುತ್ತಲೇ ಇದ್ದವು, ಬೆನ್ನಲ್ಲಿ ಬೆವರು ಹರಿಯುತ್ತಿತ್ತು.

ತ್ಸಿವೆರಿ ಮದ್ದು ತುಂಬುತ್ತಿದ್ದ. ಮೊದಲ ಗುಂಡನ್ನು ಸಿಟ್ಟಿನಲ್ಲಿ ಹಾರಿಸಿಬಿಟ್ಟಿದ್ದನಲ್ಲ, ಈಗ ಅವಸರದಲ್ಲಿ ಮದ್ದು ಚೆಲ್ಲುತ್ತಿತ್ತು. ಕೊನೆಗೂ ತುಂಬಿ, ಆಕಾಶಕ್ಕೆ ಹಿಡಿದು ಹಾರಿಸಿದ. ಬೇಲಿಯ ಉದ್ದಕ್ಕೂ ನಿಂತಿದ್ದವರ ಬಂದೂಕುಗಳೆಲ್ಲ ಒಂದರ ಹಿಂದೊಂದು ಉತ್ತರ ಕೊಟ್ಟವು. ಪೆಟ್ಟಿಗೆ ಹೊತ್ತವರು ಗಿಟಾರಿನ ಓಟಕ್ಕೆ ಹೆಜ್ಜೆ ಹಾಕುತ್ತಾ, ಓಲಾಡುತ್ತಾ, ಅಜ್ಜಿಯನ್ನು ಕಾಡಿನ ದಾರಿಗೆ ಕರೆದೊಯ್ದರು.

ಮರುದಿನ ಬೆಳಿಗ್ಗೆ ನಂಬಿನಾ ಹುಣಸೆಮರದ ಬೇರಿನ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ. ಹೆಬ್ಬೆರಳಿಗೆ ಯಾರೋ ಸೊಪ್ಪು ಅರೆದು ಕಟ್ಟಿದ್ದರು. ಪಕ್ಕದಲ್ಲಿ ಬಿದ್ದಿದ್ದ ಗಿಟಾರಿನ ಎರಡು ತಂತಿ ಹರಿದಿದ್ದವು. ಜೆರ್ಮೇನ್ ಅದನ್ನು ತಿರುಗಿಸಿ ನೋಡಿ, "ಊರಿಗೆ ಹೋದ್ಮೇಲೆ ಹೊಸ ಒಡಲು ಕೆತ್ತಿಕೊಡ್ತೀನಿ. ಇದು ನನ್ನ ಕೈಯಲ್ಲಾದದ್ದು ಅಂತ ಯಾರಿಗೂ ಹೇಳ್ಬೇಡ" ಎಂದ.

"ನಾದ ಏನೂ ಬದಲಾಗ್ಲಿಲ್ಲ ಅಲ್ವಾ, ಬಣ್ಣ ಹೋದ್ಮೇಲೆ?"

"ಬದಲಾಯ್ತು."

"ಒಳ್ಳೇದಾಯ್ತಾ?"

"ಬದಲಾಯ್ತು ಅಂದೆ ಅಷ್ಟೇ" ಎಂದು ಜೆರ್ಮೇನ್ ಎದ್ದು ಹೋದ.

ತ್ಸಿವೆರಿ ಸೈಕಲ್ ತಳ್ಳಿಕೊಂಡು ಬಂದ. ಅದನ್ನು ಮರಕ್ಕೆ ಒರಗಿಸಿದ. ಆಮೇಲೆ, "ಇವತ್ತೂ ನುಡಿಸ್ಬೇಕು. ಹೆಂಗಸ್ರು ಕೇಳ್ತಿದಾರೆ" ಎಂದ.

"ತಂತಿ ಇಲ್ಲ. ಎರಡು ಹರಿದೋಯ್ತು, ಬದಲಿ ತಂದಿಲ್ಲ."

ತ್ಸಿವೆರಿ ಕುಕ್ಕುರುಗಾಲಲ್ಲಿ ಕೂತು ಸೈಕಲ್ಲಿನ ಬ್ರೇಕಿನ ತಂತಿ ಬಿಚ್ಚತೊಡಗಿದ. ಹಿಂದಿನದನ್ನು ಬಿಚ್ಚಿದ, ಮುಂದಿನದಕ್ಕೂ ಕೈ ಹಾಕಿದ.

"ಬೇಡ ಬೇಡ. ಬ್ರೇಕ್ ಇಲ್ದೆ ಏನ್ ಮಾಡ್ತೀಯಾ?"

"ಈ ಊರಲ್ಲಿ ಇಳಿಜಾರು ಎಲ್ಲಿದೆ ಭಾವ?" ಎಂದ ತ್ಸಿವೆರಿ, ತಲೆಯೆತ್ತದೆ. "ಹಿಡ್ಕೋ ಈ ತುದಿ."